ಕತೆಯೊಳಗೆ ಯಾರು ನೋಡುತ್ತಿದ್ದಾರೆ: ನಿರೂಪಣೆಯ ದೃಷ್ಟಿಕೋನವನ್ನು ಆರಿಸಿಕೊಳ್ಳುವ ಬಗೆ

ಶಿರಸಿ ಸೀಮೆಯ ಒಂದು ಅಡಿಕೆ ತೋಟದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ನಡೆದಿದೆ. ಮರವೇರಿ ಕೊನೆ ಕೊಯ್ಯುವ ಕೊನೆಗೌಡ ಬೀರ ಮರದ ತುದಿಯಲ್ಲಿದ್ದಾನೆ. ಕೆಳಗಿಳಿಯದೆ, ತಾನು ಕುಳಿತ ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತ, ಕೊಯ್ದ ಕೊನೆಗಳನ್ನು ಹಗ್ಗದ ಮೇಲೆ ಜಾರಿಬಿಡುತ್ತಿದ್ದಾನೆ. ಕೆಳಗೆ ಹಗ್ಗದ ತುದಿ ಹಿಡಿದು ನಿಂತವರು ತೋಟದ ಯಜಮಾನರಾದ ಸುಬ್ರಾಯ ಹೆಗಡೆಯವರು. ಆಳು ಸಿಗದ ಈ ವರ್ಷ ಆ ಕೆಲಸವೂ ಅವರ ಪಾಲಿಗೇ ಬಂದಿದೆ. ಎರಡು ದಿನದ ಹಿಂದೆ ಬೆಂಗಳೂರಿನಿಂದ ಬಂದ ಮಗ ಪ್ರಸನ್ನ ತೋಟದ ಆಚೆಯ ತುದಿಯಲ್ಲಿ, ಹಳ್ಳದ ದಡದಲ್ಲಿ, ಪರ ಊರಿನವನೊಬ್ಬನಿಗೆ ಕೈಮಾಡಿ ಗಡಿ ತೋರಿಸುತ್ತಿದ್ದಾನೆ. ಮೇಲಿರುವ ಬೀರನಿಗೆ ಇದು ಕಾಣುತ್ತದೆ. ಕೆಳಗಿರುವ ತಂದೆಗೆ ಕಾಣುವುದಿಲ್ಲ. ಮನೆಯಲ್ಲಿ ಅಡುಗೆಗೆ ತೊಡಗಿರುವ ತಾಯಿಗೆ ಕಾಣದಿದ್ದರೂ ಗೊತ್ತಿದೆ, ಏಕೆಂದರೆ ತೋಟ ಮಾರುವ ಮಾತನ್ನು ಮಗ ಹಿಂದಿನ ರಾತ್ರಿ ಅವಳೊಬ್ಬಳಿಗೇ ಹೇಳಿದ್ದಾನೆ.

ನಾನು ಬರೆಯುತ್ತಿದ್ದ ಕತೆಯೊಂದರ ಮೊದಲ ದೃಶ್ಯ ಇದು. ಬೆಳಗೂ ಒಂದೇ, ತೋಟವೂ ಒಂದೇ. ಆದರೂ ಬೀರನ ಕಡೆಯಿಂದ ಹೇಳಿದರೆ ಇದು ಬಾಯಿಬಿಡಬೇಕೋ ಬಿಡಬಾರದೋ ಎಂಬ ಇಕ್ಕಟ್ಟಿನ ಕತೆಯಾಗುತ್ತದೆ. ತಂದೆಯ ಕಡೆಯಿಂದ ಹೇಳಿದರೆ ನಂಬಿಕೆಯ ಕತೆಯಾಗುತ್ತದೆ. ತಾಯಿಯ ಕಡೆಯಿಂದ ಹೇಳಿದರೆ ಗುಟ್ಟೊಂದನ್ನು ಮಡಿಲಲ್ಲಿ ಕಟ್ಟಿಕೊಂಡು ಗಂಡನಿಗೆ ಊಟ ಬಡಿಸಬೇಕಾದವಳ ಕತೆಯಾಗುತ್ತದೆ. ಮಗನ ಕಡೆಯಿಂದ ಹೇಳಿದರೆ, ಊರಿನಲ್ಲಿ ಉಳಿಯಲಾರದವನೊಬ್ಬ ತನ್ನ ಲೆಕ್ಕಾಚಾರವನ್ನು ತನಗೇ ಒಪ್ಪಿಸಿಕೊಳ್ಳುವ ಕತೆಯಾಗುತ್ತದೆ. ಹೊಸದಾಗಿ ಬರೆಯುವವರು ಈ ಆಯ್ಕೆಯನ್ನು ‘ನಾನು’ ಎಂದು ಬರೆಯಲೋ ‘ಅವನು’ ಎಂದು ಬರೆಯಲೋ ಎಂಬಷ್ಟಕ್ಕೆ ಇಳಿಸಿಬಿಡುತ್ತಾರೆ. ಸರ್ವನಾಮದ ಪ್ರಶ್ನೆ ಕೊನೆಗೆ ಬರುವಂಥದ್ದು. ಮೊದಲು ತೀರ್ಮಾನವಾಗಬೇಕಾದದ್ದು ಈ ಕತೆ ಯಾರ ಕಣ್ಣಿಗೆ ಬೀಳಬೇಕು ಮತ್ತು ಆ ಕಣ್ಣಿಗೆ ಏನು ಕಾಣಬಾರದು ಎಂಬುದು.

ಮುಂದುವರಿಯುವ ಮೊದಲು ಹೆಸರುಗಳ ಗೊಂದಲವೊಂದನ್ನು ನಿವಾರಿಸಿಕೊಳ್ಳಬೇಕು. ಕನ್ನಡ ವ್ಯಾಕರಣದಲ್ಲಿ ‘ನಾನು, ನಾವು’ ಉತ್ತಮ ಪುರುಷ, ‘ನೀನು, ನೀವು’ ಮಧ್ಯಮ ಪುರುಷ, ‘ಅವನು, ಅವಳು, ಅದು’ ಪ್ರಥಮ ಪುರುಷ. ಇಂಗ್ಲಿಷಿನ ಎಣಿಕೆ ಇದಕ್ಕೆ ತಿರುವುಮುರುವು. ಆ ಎಣಿಕೆಯನ್ನು ಹಾಗೆಯೇ ಕನ್ನಡಕ್ಕೆ ತಂದು ‘ನಾನು’ ಎಂದು ಹೇಳುವ ಕತೆಯನ್ನು ಪ್ರಥಮ ಪುರುಷದ ನಿರೂಪಣೆ ಎಂದು ಕರೆಯುವುದು ಈಗೀಗ ಹೆಚ್ಚಾಗಿದೆ. ಹಾಗೆ ಕರೆದಾಗ ಶಾಲೆಯಲ್ಲಿ ಕಲಿತ ವ್ಯಾಕರಣವೂ ಕತೆಯ ಪಾಠವೂ ಪರಸ್ಪರ ಜಗಳವಾಡುತ್ತವೆ. ಈ ಬರಹದಲ್ಲಿ ನಾನು ‘ನಾನು ನಿರೂಪಣೆ’, ‘ಅವನು ನಿರೂಪಣೆ’ ಎಂದೇ ಹೇಳುತ್ತೇನೆ.

ಆಯ್ಕೆಗೆ ಕುಳಿತಾಗ ಮಾಡಬೇಕಾದ ಮೊದಲ ಕೆಲಸವೆಂದರೆ ದೃಶ್ಯದಲ್ಲಿರುವ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬರೆದುಕೊಳ್ಳುವುದು: ಅವರಿಗೆ ಈ ಕ್ಷಣದಲ್ಲಿ ಏನು ಕಾಣುತ್ತಿದೆ, ಅವರಿಗೆ ಮೊದಲೇ ಏನು ಗೊತ್ತಿದೆ, ಮತ್ತು ಅವರು ಯಾವುದನ್ನು ತಪ್ಪಾಗಿ ತಿಳಿದುಕೊಂಡಿದ್ದಾರೆ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ನನ್ನ ಅನುಭವದಲ್ಲಿ ಕತೆಯ ಜೀವ ಇರುವುದು ಅಲ್ಲಿಯೇ. ಬೀರನಿಗೆ ಎಲ್ಲವೂ ಕಾಣುತ್ತದೆ, ಆದರೆ ಆ ಪರ ಊರಿನವನು ಗಿರಾಕಿಯೋ ಬ್ಯಾಂಕಿನವನೋ ಅವನಿಗೆ ತಿಳಿಯದು. ಸುಬ್ರಾಯ ಹೆಗಡೆಯವರು ಮಗ ಈ ಬಾರಿ ಕೊಯ್ಲಿಗೆಂದೇ ರಜೆ ಹಾಕಿ ಬಂದಿದ್ದಾನೆಂದು ನಂಬಿದ್ದಾರೆ. ತಾಯಿ, ತಾನು ಸುಮ್ಮನಿದ್ದರೆ ಮಗನ ಮನಸ್ಸು ಬದಲಾಗಬಹುದು ಎಂದುಕೊಂಡಿದ್ದಾಳೆ. ಹೀಗೆ ಬರೆದಿಟ್ಟುಕೊಂಡ ಮೇಲೆ, ಸತ್ಯ ತಿಳಿಯುವುದರಿಂದ ಅಥವಾ ತಿಳಿದದ್ದನ್ನು ಹೇಳುವುದರಿಂದ ಹೆಚ್ಚು ಕಳೆದುಕೊಳ್ಳುವವರು ಯಾರೆಂದು ನೋಡಬೇಕು. ಸಾಮಾನ್ಯವಾಗಿ ಕತೆ ಅವರದ್ದು. ಎಲ್ಲ ತಿಳಿದವನೂ ಏನೂ ಕಳೆದುಕೊಳ್ಳದವನೂ ಒಬ್ಬನೇ ಆಗಿದ್ದರೆ ಅವನು ಒಳ್ಳೆಯ ಸಾಕ್ಷಿ ಆಗಬಲ್ಲನೇ ಹೊರತು, ಅವನ ಕಣ್ಣಿನಲ್ಲಿ ಕತೆ ಬೆಚ್ಚಗಾಗುವುದಿಲ್ಲ.

ಎರಡನೆಯ ಕೆಲಸಕ್ಕೆ ಕಾಗದ ಬೇಕು. ದೃಶ್ಯದ ಐದಾರು ವಾಕ್ಯಗಳನ್ನು ಬೇರೆ ಬೇರೆ ಕಡೆಯಿಂದ ಬರೆದು ನೋಡಬೇಕು. ಮನಸ್ಸಿನಲ್ಲೇ ಊಹಿಸಿಕೊಂಡರೆ ಸಾಲದು. ಊಹೆಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಬೀರನ ಬಾಯಿಂದ ಬರೆದಾಗ ನನಗೆ ಬಂದದ್ದು ಹೀಗೆ: ‘ಮೇಲಿದ್ದವನಿಗೆ ಎಲ್ಲ ಕಾಣ್ತದೆ, ಅದೇ ತೊಂದರೆ. ಹೆಗಡೇರು ಕೆಳಗಿಂದ “ಎಂತಾತೋ ಬೀರಾ” ಅಂತ ಕೂಗಿದ್ರು. “ಕೊನೆ ಸಿಕ್ಕಾಕಂಡದೆ” ಅಂದೆ. ಕೊನೆ ಸಿಕ್ಕಿರಲಿಲ್ಲ.’ ಅದೇ ಕ್ಷಣವನ್ನು ಎಲ್ಲ ಬಲ್ಲ ನಿರೂಪಕನಿಂದ ಹೇಳಿಸಿದಾಗ: ‘ಆ ಬೆಳಿಗ್ಗೆ ಮನೆಯಲ್ಲೂ ತೋಟದಲ್ಲೂ ಇದ್ದ ನಾಲ್ವರಲ್ಲಿ ಮೂವರಿಗೆ ಗೊತ್ತಿದ್ದ ಸಂಗತಿ, ಪಹಣಿಯಲ್ಲಿ ಯಾರ ಹೆಸರಿತ್ತೋ ಅವರಿಗೊಬ್ಬರಿಗೇ ಗೊತ್ತಿರಲಿಲ್ಲ.’ ತಂದೆಯ ಬೆನ್ನಿಗೆ ಹತ್ತಿ ನಿಂತು ಬರೆದಾಗ: ‘ಹಗ್ಗ ಸಡಿಲವಾಗಿಯೇ ಇತ್ತು. ಸುಬ್ರಾಯ ಕತ್ತೆತ್ತಿದ, ಬಿಸಿಲು ಕಣ್ಣಿಗೆ ಹೊಡೆಯಿತು. ಬೀರ ಎಂದೂ ಹೀಗೆ ತಡ ಮಾಡಿದವನಲ್ಲ. ಅವನಿಗೂ ವಯಸ್ಸಾಯಿತೇನೋ. ಬರುವ ವರ್ಷ ತಾನು ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕು.’

ಮೊದಲನೆಯದರಲ್ಲಿ ಒಂದು ಸುಳ್ಳು ಹುಟ್ಟುವುದನ್ನು ನಾವು ಒಳಗಿನಿಂದ ನೋಡುತ್ತೇವೆ. ಎರಡನೆಯದರಲ್ಲಿ ಮರುಕವಿದೆ, ಆದರೆ ದೂರವೂ ಇದೆ. ಒಂದು ದೊಡ್ಡ ಕಾದಂಬರಿಯ ಅಧ್ಯಾಯ ಆರಂಭವಾಗುವ ರೀತಿಯದು ಅದು. ಮೂರನೆಯದರಲ್ಲಿ ಓದುಗನಿಗೆ ಏನೂ ಹೇಳದೆಯೇ ಏನೋ ಸರಿಯಿಲ್ಲವೆಂದು ತಿಳಿಯುತ್ತದೆ, ಮತ್ತು ಬರುವ ವರ್ಷ ಎಂಬ ಮಾತಿನಲ್ಲಿ ಆ ಮನುಷ್ಯನ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂಬುದೂ ತಿಳಿಯುತ್ತದೆ.

ಮೂರನೆಯ ಮಾದರಿಯಲ್ಲಿ ‘ಹೆಗಡೆಯವರು ನೋಡಿದರು’ ಎಂಬುದು ‘ಸುಬ್ರಾಯ ಕತ್ತೆತ್ತಿದ’ ಎಂದಾದುದನ್ನು ಗಮನಿಸಿರಬಹುದು. ಇದು ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ತೊಡಕು, ಮತ್ತು ಇದನ್ನು ಕುರಿತು ಸ್ವಲ್ಪ ನಿಧಾನವಾಗಿ ಯೋಚಿಸುವುದು ಒಳ್ಳೆಯದು. ನಮ್ಮ ಕ್ರಿಯಾಪದದ ಕೊನೆಯಲ್ಲಿ ಲಿಂಗ ವಚನಗಳ ಜೊತೆಗೆ ಮರ್ಯಾದೆಯೂ ಅಂಟಿಕೊಂಡಿರುತ್ತದೆ. ‘ನೋಡಿದರು’ ಎಂದ ಕೂಡಲೇ ನಿರೂಪಕ ಆ ಹಿರಿಯರ ಎದುರಿಗೆ ಕೈಕಟ್ಟಿ ನಿಂತ ಇನ್ನೊಬ್ಬನಾಗಿಬಿಡುತ್ತಾನೆ. ತನ್ನನ್ನು ತಾನೇ ಬಹುವಚನದಲ್ಲಿ ನೆನೆಯುವ ಮನುಷ್ಯ ಇಲ್ಲವಾದ್ದರಿಂದ, ಅವರ ಮನಸ್ಸಿನೊಳಕ್ಕೆ ಹೋಗಬೇಕಾದರೆ ಆ ಬಹುವಚನವನ್ನು ಜಗುಲಿಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ಅರವತ್ತು ದಾಟಿದವರನ್ನು ‘ನೋಡಿದ, ಕೂತ, ಕೆಮ್ಮಿದ’ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಅದರಲ್ಲೂ ಆ ಪಾತ್ರ ನಮ್ಮ ತಂದೆಯನ್ನೋ ಮಾವನನ್ನೋ ಹೋಲುತ್ತಿದ್ದರೆ. ಆ ಹಿಂಜರಿಕೆ ಉಪಯುಕ್ತವಾದುದು. ನೀವು ಆ ಪಾತ್ರವನ್ನು ಒಳಗಿನಿಂದ ನೋಡುತ್ತಿದ್ದೀರೋ ಹೊರಗಿನಿಂದಲೋ ಎಂಬುದನ್ನು ಅದು ನಿಮಗೇ ತಿಳಿಸಿಕೊಡುತ್ತದೆ. ಹೊರಗಿನಿಂದ ನೋಡುವುದೇ ನಿಮಗೆ ಬೇಕೆಂದಾದರೆ ‘ಹೆಗಡೆಯವರು’ ಎಂದೇ ಇರಲಿ, ಆದರೆ ಆಗ ಅವರ ಮನಸ್ಸಿನ ಮಾತನ್ನು ಬರೆಯಬೇಡಿ. ಅವರ ಕೈ, ಮುಖ, ಮಾತು ಇಷ್ಟರಿಂದಲೇ ಕೆಲಸ ಸಾಗಿಸಿ.

ಮಗನ ಕಡೆಯಿಂದ ಬರೆದರೆ ಇದೇ ವ್ಯಕ್ತಿ ‘ಅಪ್ಪಯ್ಯ’ ಆಗುತ್ತಾರೆ, ತಾಯಿ ‘ಆಯಿ’ ಆಗುತ್ತಾಳೆ. ‘ಪ್ರಸನ್ನನ ತಾಯಿ ಒಲೆಯ ಮುಂದೆ ಕೂತಿದ್ದಳು’ ಮತ್ತು ‘ಆಯಿ ಒಲೆಯ ಮುಂದೆ ಕೂತಿದ್ದಳು’ ಎಂಬ ಎರಡು ವಾಕ್ಯಗಳೂ ‘ಅವಳು ನಿರೂಪಣೆ’ಯವೇ, ಆದರೆ ಎರಡನೆಯದನ್ನು ಹೇಳುತ್ತಿರುವುದು ಮಗನ ಮನಸ್ಸು. ನೆಂಟಸ್ತಿಕೆಯ ಒಂದು ಪದವನ್ನು ಬದಲಿಸಿದರೆ ಸಾಕು, ನಿಂತ ಜಾಗವೇ ಬದಲಾಗುತ್ತದೆ. ನಮ್ಮ ಕಡೆಯ ಆಡುಮಾತುಗಳಲ್ಲಿ ಇದು ಇನ್ನೂ ಸೂಕ್ಷ್ಮವಾಗಿದೆ: ಹವ್ಯಕರ ಮಾತಿನಲ್ಲಿ ಹೆಣ್ಣುಮಕ್ಕಳನ್ನು ಕುರಿತು ‘ಅದು ಬಂತು’ ಎನ್ನುವ ವಾಡಿಕೆಯಿದೆ, ಮತ್ತು ಅದರಲ್ಲಿ ಸಲುಗೆಯಿದೆಯೇ ಹೊರತು ಅವಮಾನವಿಲ್ಲ. ಆ ಮನೆಯ ಮುದುಕಿಯೊಬ್ಬಳು ‘ನಾನು’ ಎಂದು ಕತೆ ಹೇಳುತ್ತಿದ್ದರೆ ಮೊಮ್ಮಗಳ ಬಗ್ಗೆ ‘ಅವಳು ಬಂದಳು’ ಎನ್ನುತ್ತಾಳೆಯೇ, ‘ಕೂಸು ಬಂತು’ ಎನ್ನುತ್ತಾಳೆಯೇ ಎಂಬುದನ್ನು ಮೊದಲ ಪುಟದಲ್ಲೇ ನಿರ್ಧರಿಸಿಕೊಳ್ಳಬೇಕು. ‘ನಾನು ನಿರೂಪಣೆ’ ಸುಲಭವೆಂದು ಭಾವಿಸುವವರು ಮರೆಯುವುದು ಇದನ್ನೇ. ಆ ‘ನಾನು’ವಿಗೆ ಒಂದು ನಾಲಿಗೆ ಬೇಕು, ಇನ್ನೂರು ಪುಟಗಳುದ್ದಕ್ಕೂ ಅದು ತಪ್ಪಬಾರದು. ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಹುಡುಗ ನಿಮ್ಮ ನಿರೂಪಕನಾದರೆ, ಅವನ ಕನ್ನಡ ಪಾಠದ ಪುಸ್ತಕದ ಕಡೆಗೆ ವಾಲುವುದು ಸಹಜ, ಮತ್ತು ಸಿಟ್ಟು ಬಂದಾಗ ಅದು ಕೈಕೊಡುವುದೂ ಸಹಜ.

ಕನ್ನಡ ಕೊಡುವ ಇನ್ನೂ ಕೆಲವು ಸಾಧನಗಳಿವೆ. ಅವುಗಳಲ್ಲಿ ನನಗೆ ತೀರ ಪ್ರಿಯವಾದುದು ‘ತಾನು’. ‘ಅವನು ಬರಬಾರದಿತ್ತು’ ಎಂದರೆ ಯಾರು ಹೇಳುತ್ತಿದ್ದಾರೆ ಎಂಬುದು ಸ್ಪಷ್ಟವಿಲ್ಲ. ‘ತಾನು ಬರಬಾರದಿತ್ತು’ ಎಂದರೆ ಅದು ಅವನದೇ ಮನಸ್ಸಿನ ಮಾತು, ‘ಎಂದುಕೊಂಡನು’ ಎಂಬ ಬಾಲವೂ ಬೇಕಿಲ್ಲ. ಇನ್ನೊಂದು ‘ಅಂತೆ’. ಪಾತ್ರದ ಕಣ್ಣಿಗೆ ಬೀಳದ ಸಂಗತಿಯನ್ನು ಕತೆಯೊಳಗೆ ತರಲೇಬೇಕಾದಾಗ ‘ಪ್ರಸನ್ನ ಹಳ್ಳದ ಕಡೆ ಹೋಗಿದ್ದನಂತೆ’ ಎಂದರೆ ಸಾಕು; ಯಾರೋ ಹೇಳಿದ್ದು, ತಾನು ಕಂಡದ್ದಲ್ಲ ಎಂಬುದು ಎರಡೇ ಅಕ್ಷರಗಳಲ್ಲಿ ತಿಳಿಯುತ್ತದೆ, ಅದರ ಹಿಂದೆ ಊರಿನ ಬಾಯಿಯೂ ಕೇಳಿಸುತ್ತದೆ. ಮೂರನೆಯದು ‘ಬಂದ’ ಮತ್ತು ‘ಹೋದ’. ‘ಮಗ ಮನೆಗೆ ಬಂದ’ ಎಂದರೆ ನಾವು ಮನೆಯೊಳಗಿದ್ದೇವೆ, ‘ಮಗ ಮನೆಗೆ ಹೋದ’ ಎಂದರೆ ತೋಟದಲ್ಲಿ ಉಳಿದಿದ್ದೇವೆ. ತಂದೆಯ ಜೊತೆ ತೋಟದಲ್ಲಿ ನಿಂತ ಓದುಗನಿಗೆ ಥಟ್ಟನೆ ‘ಪ್ರಸನ್ನ ಮನೆಗೆ ಬಂದ’ ಎಂದುಬಿಟ್ಟರೆ, ಅವನು ಯಾವ ತಪ್ಪೆಂದು ಹೆಸರಿಸಲಾರದಿದ್ದರೂ ಒಂದು ಕ್ಷಣ ತಡವರಿಸುತ್ತಾನೆ. ಇಲ್ಲಿ ಅಲ್ಲಿ, ಈ ಆ, ತಂದ ಒಯ್ದ, ಇವುಗಳನ್ನೂ ಇದೇ ಕಣ್ಣಿನಿಂದ ನೋಡಿಕೊಳ್ಳಬೇಕು.

ಉತ್ತರ ಕನ್ನಡದವರಿಗೆ ಈ ವಿಷಯವನ್ನು ಕಲಿಯಲು, ಯಕ್ಷಗಾನ ಪ್ರಸಂಗವನ್ನು ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಲೆಗಿಂತ ಒಳ್ಳೆಯ ಶಾಲೆ ಇಲ್ಲ. ಭಾಗವತರು ಹಾಡುವ ಪದ್ಯ ಬಹಳ ಕಡೆ ‘ಅವನು’ ಎಂದು ಕತೆ ನಡೆಸುತ್ತದೆ. ಪದ್ಯ ಮುಗಿದು ಮದ್ದಲೆ ನಿಂತ ಕೂಡಲೇ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದನ್ನೇ ‘ನಾನು’ ಎಂದು ಎತ್ತಿಕೊಳ್ಳುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಇರುವುದು ಮಾತೊಂದೇ. ವಾಲಿವಧೆಯ ಪ್ರಸಂಗದಲ್ಲಿ ವಾಲಿಯ ಅರ್ಥ ಹೇಳುವವರು ರಾಮಾಯಣವನ್ನು ಆದ್ಯಂತ ಓದಿಕೊಂಡಿರುತ್ತಾರೆ, ಆದರೆ ವಾಲಿ ಓದಿಲ್ಲ. ಮರದ ಮರೆಯಲ್ಲಿ ರಾಮ ನಿಂತಿದ್ದಾನೆಂದು ಸಭೆಯಲ್ಲಿರುವ ಮಕ್ಕಳಿಗೂ ಗೊತ್ತು. ಬಾಣ ನಾಟುವವರೆಗೆ ವಾಲಿಯಾಗಿ ಕುಳಿತವರಿಗೆ ಅದು ಗೊತ್ತಿರಕೂಡದು. ಒಳ್ಳೆಯ ಅರ್ಥಧಾರಿ ಸುಗ್ರೀವನ ಕೂಗಿಗೆ ಎದ್ದು ಹೊರಡುವಾಗ ಅವರ ಮಾತಿನಲ್ಲಿ ಗೆದ್ದು ಬರುವವನ ಉಡಾಫೆ ಇರುತ್ತದೆಯೇ ಹೊರತು ಸಾಯಲಿರುವವನ ಗಾಂಭೀರ್ಯ ಇರುವುದಿಲ್ಲ. ಕತೆ ಬರೆಯುವವರು ಪಾತ್ರಕ್ಕೆ ತಮ್ಮ ತಿಳಿವನ್ನು ಸೋರಿಬಿಡುವುದು ಇಂಥ ಕಡೆಯಲ್ಲೇ. ಅಂತ್ಯ ನಮಗೆ ಗೊತ್ತಿರುವುದರಿಂದ ಮೊದಲ ಪುಟದಲ್ಲೇ ಪಾತ್ರ ಕಾರಣವಿಲ್ಲದೆ ನಿಟ್ಟುಸಿರು ಬಿಡತೊಡಗುತ್ತದೆ.

ಭಾರತದ ಯುದ್ಧವನ್ನು ಸಂಜಯ ಹೇಳುವ ರೀತಿಯಲ್ಲಿ ಇನ್ನೊಂದು ಪಾಠವಿದೆ. ಅವನು ಹೇಳುತ್ತಿರುವುದು ಯಾರಿಗೋ ಅಲ್ಲ, ಕಣ್ಣಿಲ್ಲದ ತಂದೆಗೆ. ಮತ್ತು ಹೇಳುತ್ತಿರುವುದು ಆ ತಂದೆಯ ಮಕ್ಕಳ ಸಾವನ್ನು. ಆದ್ದರಿಂದ ‘ನಾನು ನಿರೂಪಣೆ’ಯನ್ನು ಆರಿಸಿಕೊಂಡವರು ‘ಯಾರು ಹೇಳುತ್ತಿದ್ದಾರೆ’ ಎಂಬುದರ ಜೊತೆಗೆ ‘ಯಾರಿಗೆ, ಯಾವಾಗ’ ಎಂಬುದನ್ನೂ ಕೇಳಿಕೊಳ್ಳಬೇಕು. ಬೀರ ತನ್ನ ಹೆಂಡತಿಗೆ ಆ ಸಂಜೆಯೇ ಹೇಳಿದರೆ ಒಂದು ಬಗೆ. ಹೆಗಡೆಯವರು ತೀರಿಕೊಂಡ ಹತ್ತು ವರ್ಷದ ಮೇಲೆ ಪ್ರಸನ್ನನಿಗೇ ಹೇಳಿದರೆ ಬೇರೆಯೇ ಬಗೆ. ಎರಡನೆಯದರಲ್ಲಿ ಅವನು ಕೆಲವನ್ನು ಮುಚ್ಚಿಡುತ್ತಾನೆ, ಆ ಮುಚ್ಚಿಟ್ಟದ್ದು ಓದುಗನಿಗೆ ಕಾಣುವಂತೆ ನೀವು ಬರೆಯಬೇಕಾಗುತ್ತದೆ.

ಎಲ್ಲ ಬಲ್ಲ ನಿರೂಪಕನನ್ನು ಹಳತು ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಕಾಲವೂ ಜನವೂ ಹರಡಿಕೊಂಡಿರುವ ಕತೆಗೆ ಅವನೇ ಬೇಕು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಹಿನ್ನೆಲೆಯಲ್ಲಿ ಕಾದಂಬರಿ ಬರೆಯುವವರು, ಕಡಲ ದಂಡೆಯಲ್ಲಿ ನೀರು ಹೊತ್ತ ಎಂಟು ವರ್ಷದ ಹುಡುಗಿಯ ಕಣ್ಣನ್ನು ಆರಿಸಿಕೊಂಡರೆ ಅವಳಿಗೆ ಗುಂಪು, ಧೂಳು, ಮಡಕೆ, ಅಪ್ಪನ ಹೊಸ ಟೋಪಿ ಇಷ್ಟೇ ಕಾಣುತ್ತದೆ; ದಾಂಡಿಯ ಸುದ್ದಿ, ಮುಂದೆ ಶಿರಸಿ ಸಿದ್ದಾಪುರಗಳವರೆಗೂ ನಡೆದ ಕರನಿರಾಕರಣೆ, ಜಪ್ತಿಯಾದ ಜಮೀನುಗಳು ಅವಳ ಕೈಗೆ ನಿಲುಕುವಂಥವಲ್ಲ. ಅವು ಕತೆಗೆ ಬೇಕೆಂದಾದರೆ ಎತ್ತರದಲ್ಲಿ ನಿಂತವನೊಬ್ಬ ಬೇಕು. ಆದರೆ ಅವನಿಗೂ ಒಂದು ಶಿಸ್ತುಂಟು: ಮೊದಲ ಪುಟದಿಂದಲೇ ಅವನು ಅಲ್ಲಿರಬೇಕು. ಐವತ್ತು ಪುಟ ಹುಡುಗಿಯ ಕಣ್ಣಿನಿಂದ ನೋಡಿಸಿ, ಐವತ್ತೊಂದನೆಯದರಲ್ಲಿ ಜಿಲ್ಲಾಧಿಕಾರಿಯ ತಲೆಯೊಳಗೆ ಇಣುಕಿದರೆ ಓದುಗನ ನಂಬಿಕೆ ಮುರಿಯುತ್ತದೆ.

‘ನಾವು’ ಎಂದು ಹೇಳುವ ಕತೆಗಳು ಕನ್ನಡದಲ್ಲಿ ಇನ್ನಷ್ಟು ಬರಬೇಕೆಂಬುದು ನನ್ನ ಆಸೆ, ಮತ್ತು ಕರಾವಳಿಯಲ್ಲಿ ಅದಕ್ಕೆ ಬೇಕಾದ ಬದುಕು ಇದೆ. ರಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧ ಸುತ್ತು ಬಿಟ್ಟು, ಎರಡೂ ತುದಿಗಳನ್ನು ದಂಡೆಗೆ ತಂದು ಹತ್ತಾರು ಜನ ಸೇರಿ ಎಳೆಯುತ್ತಾರೆ. ಎಳೆಯುವವರಲ್ಲಿ ಯಾರೊಬ್ಬರಿಗೂ ಇಡೀ ಬಲೆ ಕಾಣುವುದಿಲ್ಲ. ಕೈಗೆ ಸಿಗುವುದು ಹಗ್ಗದ ಭಾರ, ಕಣ್ಣಿಗೆ ಕಾಣುವುದು ಮುಂದಿನವನ ಬೆನ್ನು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆಗಳ ನಡುವಿನ ದಂಡೆಯ ಊರುಗಳವರು ಮನೆ ಬಿಟ್ಟು ಹೊರಟರು. 1986ರಲ್ಲಿ ಶಂಕುಸ್ಥಾಪನೆಯಾದ ನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಆ ನಡುವಿನ ವರ್ಷಗಳನ್ನು ಒಬ್ಬನ ಕತೆಯಾಗಿ ಹೇಳಿದರೆ ಅದು ಅವನ ದುಃಖವಾಗುತ್ತದೆ; ‘ನಾವು ತೆಂಗಿನ ಮರಗಳನ್ನು ಎಣಿಸಿ ಕೊಟ್ಟೆವು’ ಎಂದು ಆರಂಭಿಸಿದರೆ ಊರೇ ಬಾಯಿ ತೆರೆಯುತ್ತದೆ. ಎಚ್ಚರಿಕೆ ಒಂದೇ: ‘ನಾವು’ವಿನೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದು ಬರೆಯುವವರಿಗೆ ಗೊತ್ತಿರಬೇಕು. ಹೆಂಗಸರಿದ್ದಾರೆಯೇ, ಬಾಡಿಗೆ ಮನೆಯವರಿದ್ದಾರೆಯೇ, ಪರಿಹಾರ ಸಿಗದವರಿದ್ದಾರೆಯೇ? ಎಲ್ಲರೂ ‘ನಾವು’ ಎನ್ನುತ್ತಿರುವಾಗ ಒಬ್ಬನನ್ನು ಮಾತ್ರ ‘ಅವನು’ ಎಂದ ವಾಕ್ಯದಲ್ಲೇ ಬಹಳ ಸಲ ಕತೆಯ ಗಂಟು ಇರುತ್ತದೆ.

‘ನೀನು’ ಎಂದು ಸಂಬೋಧಿಸಿ ಹೇಳುವ ಬಗೆ ಪತ್ರದ ರೂಪದ ಸಣ್ಣ ಕತೆಗೆ ಹೊಂದುತ್ತದೆ. ಅದಕ್ಕಿಂತ ಉದ್ದವಾದರೆ ದಣಿಸುತ್ತದೆ.

ಒಂದಕ್ಕಿಂತ ಹೆಚ್ಚು ಕಣ್ಣುಗಳು ಬೇಕೆನ್ನಿಸಿದರೆ ಅಧ್ಯಾಯ ಬದಲಾಗುವಲ್ಲಿ ಕಣ್ಣನ್ನೂ ಬದಲಿಸಿ, ಹೊಸ ಭಾಗದ ಮೊದಲ ವಾಕ್ಯದಲ್ಲೇ ಯಾರ ಜೊತೆ ಇದ್ದೇವೆಂದು ತಿಳಿಯುವಂತೆ ಮಾಡಿ. ಸಣ್ಣಕತೆಯಲ್ಲಿ ಒಂದೇ ಕಣ್ಣು ಸಾಕು ಎಂಬುದು ನನ್ನ ಅಭಿಪ್ರಾಯ. ಎರಡು ಬೇಕೆಂಬ ಹಟ ಬಂದಾಗಲೆಲ್ಲ ಒಂದನ್ನು ಸರಿಯಾಗಿ ಬಳಸಿಲ್ಲವೆಂದೇ ನನಗೆ ಕಂಡುಬಂದಿದೆ.

ಕರಡು ಮುಗಿದ ಮೇಲೆ ಪರೀಕ್ಷಿಸುವ ಕ್ರಮವನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ತದಡಿಯಿಂದ ಅಘನಾಶಿನಿಗೆ ದೋಣಿ ದಾಟುವ ಹತ್ತು ವರ್ಷದ ಹುಡುಗಿಯೊಬ್ಬಳ ಕತೆ ಬರೆದಿದ್ದೆ; ಪೂರ್ತಿ ಅವಳ ಕಣ್ಣಿನದು ಎಂದೇ ನಂಬಿದ್ದೆ. ಓದಿದ ಗೆಳತಿಯೊಬ್ಬಳು ಎರಡು ವಾಕ್ಯಗಳ ಕೆಳಗೆ ಗೆರೆ ಎಳೆದು ಕೊಟ್ಟಳು. ಒಂದು, ‘ಅವಳ ಕೆನ್ನೆ ಕೆಂಪಾಯಿತು.’ ತನ್ನ ಕೆನ್ನೆಯನ್ನು ತಾನೇ ಹೇಗೆ ನೋಡಿಕೊಂಡಳು? ಬಿಸಿಯಾಯಿತು ಎಂದಿದ್ದರೆ ಸರಿಯಿತ್ತು. ಇನ್ನೊಂದು, ‘ಅವಳಿಗೆ ತಿಳಿಯದಂತೆ ಅಂಬಿಗ ಅವಳ ತಾಯಿಯತ್ತ ನೋಡಿದ.’ ಅವಳಿಗೆ ತಿಳಿಯದ್ದು ನನಗೆ ತಿಳಿದಿತ್ತು, ಅಷ್ಟೇ. ಅಂದಿನಿಂದ ನಾನು ಪ್ರತಿ ವಾಕ್ಯದ ಎದುರು ‘ಇದು ಇವರಿಗೆ ಹೇಗೆ ಗೊತ್ತಾಯಿತು’ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಸಿಗದ ವಾಕ್ಯವನ್ನು ತೆಗೆಯುತ್ತೇನೆ, ಇಲ್ಲವೇ ಪಾತ್ರ ಕಾಣುವಂಥ, ಕೇಳುವಂಥ ಗುರುತಾಗಿ ಬದಲಿಸುತ್ತೇನೆ. ಎರಡನೆಯ ಓದಿನಲ್ಲಿ ‘ಕಂಡಿತು, ಕೇಳಿಸಿತು, ಅನ್ನಿಸಿತು’ ಎಂಬ ಕ್ರಿಯಾಪದಗಳಿಗೆ ಗುರುತು ಹಾಕುತ್ತೇನೆ. ಓದುಗ ಈಗಾಗಲೇ ಆ ಕಣ್ಣಿನೊಳಗೆ ಇದ್ದರೆ ‘ದೂರದಲ್ಲಿ ದೋಣಿ ಬರುವುದು ಅವಳಿಗೆ ಕಂಡಿತು’ ಎನ್ನುವ ಅಗತ್ಯವಿಲ್ಲ. ‘ದೋಣಿ ಬರುತ್ತಿತ್ತು’ ಎಂದರೆ ನೋಡುತ್ತಿರುವವಳು ಅವಳೇ. ಮೂರನೆಯದನ್ನು ಗಟ್ಟಿಯಾಗಿ ಓದುತ್ತೇನೆ, ಏಕೆಂದರೆ ಮರ್ಯಾದೆಯ ಬಹುವಚನ ತಪ್ಪಿದ್ದು ಕಣ್ಣಿಗಿಂತ ಕಿವಿಗೆ ಬೇಗ ಸಿಕ್ಕಿಬೀಳುತ್ತದೆ.

ಅಡಿಕೆ ತೋಟದ ಕತೆಯನ್ನು ನಾನು ಮೊದಲು ಮೂರು ಸಲ ಬೀರನ ‘ನಾನು’ವಿನಲ್ಲೇ ಬರೆದೆ. ಅವನಿಗೆ ಎಲ್ಲ ಕಾಣುತ್ತಿದ್ದುದರಿಂದ ಎರಡನೆಯ ಪುಟದ ಹೊತ್ತಿಗೆ ಓದುಗನಿಗೂ ಎಲ್ಲ ತಿಳಿದುಹೋಗುತ್ತಿತ್ತು. ನಾಲ್ಕನೆಯ ಸಲ ಕೆಳಗಿಳಿದು ತಂದೆಯ ಪಕ್ಕದಲ್ಲಿ ನಿಂತೆ. ಪರ ಊರಿನವನು ಕತೆಯಿಂದಲೇ ಹೊರಬಿದ್ದ. ಅವನ ಬದಲಿಗೆ, ಕೊಯ್ಲಿಗೆ ಕೈ ಹಚ್ಚದ ಮಗನ ಬೂಟಿಗೆ ಹಳ್ಳದ ಕೆಸರು ಅಂಟಿಕೊಂಡಿತು. ಮಧ್ಯಾಹ್ನ ಹೆಂಡತಿ ಕೇಳದೆಯೇ ಎರಡನೆಯ ಸಲ ತುಪ್ಪ ಬಡಿಸಿದಳು, ಎದುರಿಗೆ ಕೂರದೆ ಒಳಗೆ ಹೋದಳು. ಬೀರನ ಮಾತುಗಳಲ್ಲಿ ಉಳಿದದ್ದು ಒಂದೇ. ಸುಬ್ರಾಯ ಹಗ್ಗ ಹಿಡಿದು ನಿಂತಿರುವಾಗ ಅದು ಮೇಲಿನಿಂದ ಬರುತ್ತದೆ: ‘ಕೊನೆ ಸಿಕ್ಕಾಕಂಡದೆ ಹೆಗಡೇರೇ.’ ಅವನು ನಂಬುತ್ತಾನೆ, ಕಾಯುತ್ತಾನೆ.